ಅರ್ಧ ಗಂಟೆಗೊಮ್ಮೆ ರಿಪೇರಿಯಾಗುವ ಎಲೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಂಗೆ ಮರದ ಕೆಳಗೆ ನಿಂತರೆ ನಮಗೆ ಹಾಯೆನಿಸುತ್ತದೆ. ಮರಕ್ಕೆ ಹಾಗಲ್ಲ. ನಮ್ಮ ಪಾಲಿನ ಬಿಸಿಲನ್ನೂ ಹೊತ್ತುಕೊಂಡ ಆ ಎಲೆಗಳ ಒಳಗೆ ಒಂದೇ ಸಮನೆ ಏನೋ ಮುರಿಯುತ್ತಿರುತ್ತದೆ. ಮುರಿದದ್ದನ್ನು ಕಿತ್ತು ಹಾಕಿ, ಹೊಸದನ್ನು ಕೂರಿಸುವ ಕೆಲಸವೂ ಜೊತೆಗೇ ನಡೆದಿರುತ್ತದೆ. ಮುರಿಯುವುದು ಡಿ1 ಎಂಬ ಪ್ರೋಟೀನು. ಬಿಸಿಲು ಜೋರಾಗಿದ್ದರೆ ಅದರ ಆಯಸ್ಸು ಸುಮಾರು ಅರ್ಧ ಗಂಟೆ.

ದ್ಯುತಿಸಂಶ್ಲೇಷಣೆ ಎಂಬ ಪದವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ನೀರು, ಇಂಗಾಲದ ಡೈಆಕ್ಸೈಡ್, ಬಿಸಿಲು ಸೇರಿದರೆ ಸಕ್ಕರೆ. ಹೊರಗೆ ಬರುವುದು ಆಮ್ಲಜನಕ. ಒಂದು ಸಾಲಿನ ಸಮೀಕರಣ. ಆ ಸಾಲಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಸಕ್ಕರೆ ಕಟ್ಟುವುದು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಅದಲ್ಲ. ಕಷ್ಟ ಇರುವುದು ನೀರನ್ನು ಒಡೆಯುವುದರಲ್ಲಿ.

ನೀರನ್ನು ಕಾಯಿಸಿದರೆ ಆವಿ, ತಣಿಸಿದರೆ ಮಂಜುಗಡ್ಡೆ. ಎರಡೂ ಕಡೆ ಅದು ನೀರೇ. ಅದರಿಂದ ಆಮ್ಲಜನಕ ಬಿಡಿಸಬೇಕೆಂದರೆ ಎರಡು ಅಣುಗಳಿಂದ ಒಟ್ಟು ನಾಲ್ಕು ಎಲೆಕ್ಟ್ರಾನ್ ಕಿತ್ತುಕೊಳ್ಳಬೇಕು. ಆದರೆ ಬೆಳಕಿನ ಒಂದು ಕಣ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನನ್ನು ಎಬ್ಬಿಸಬಲ್ಲದು. ಕೆಲಸ ಅರ್ಧಕ್ಕೆ ನಿಂತರೆ ಹುಟ್ಟುವ ಪದಾರ್ಥಗಳು ಜೀವಕೋಶವನ್ನೇ ಸುಡುವಂಥವು. ಹಾಗಾದರೆ ಎಲೆ ನಾಲ್ಕನ್ನೂ ಹೇಗೆ ಹೊಂದಿಸುತ್ತದೆ?

1969ರಲ್ಲಿ ಫ್ರಾನ್ಸಿನ ಪಿಯರ್ ಜೋಲಿಯೊ ಇದನ್ನು ಸೊಗಸಾಗಿ ತೋರಿಸಿದರು. ಕತ್ತಲಲ್ಲಿ ಇಟ್ಟಿದ್ದ ಹಸಿರು ಕೋಶಗಳಿಗೆ ಮಿಂಚಿನಂಥ ಬೆಳಕನ್ನು ಒಂದಾದ ಮೇಲೊಂದು ಬಿಟ್ಟರು. ಮೊದಲ ಮಿಂಚಿಗೆ ಆಮ್ಲಜನಕ ಬರಲಿಲ್ಲ. ಮೂರನೆಯದಕ್ಕೆ ಜೋರಾಗಿ ಬಂತು. ಆಮೇಲೆ ಏಳನೆಯದಕ್ಕೆ, ಹನ್ನೊಂದನೆಯದಕ್ಕೆ. ನಮ್ಮ ಶೇರ್ ಆಟೊಗಳ ಲೆಕ್ಕವೇ ಇದು. ನಾಲ್ಕು ಜನ ತುಂಬುವ ತನಕ ಗಾಡಿ ಹೊರಡುವುದಿಲ್ಲ. ಮೊದಲ ಸಲ ಮಾತ್ರ ಮೂರಕ್ಕೇ ಹೊರಟಿದ್ದೇಕೆ? ಕತ್ತಲಲ್ಲಿ ಕಾಯುವಾಗಲೇ ಗಾಡಿಯಲ್ಲಿ ಒಬ್ಬರು ಕೂತಿರುತ್ತಾರೆ ಎಂದು ಮರುವರ್ಷ ಬೆಸೆಲ್ ಕಾಕ್ ವಿವರಿಸಿದರು.

ಆ ಗಾಡಿ ಒಂದು ಪುಟ್ಟ ಲೋಹದ ಗಂಟು: ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ನಡುವೆ ಐದು ಆಮ್ಲಜನಕ. ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಾಮಿಯಾ ತಂಡ 2011ರಲ್ಲಿ ಅದರ ಪರಮಾಣುಗಳ ಜಾಗವನ್ನು ಸ್ಪಷ್ಟವಾಗಿ ತೋರಿಸಿತು. ನೋಡಲು ಸೊಟ್ಟಗಿನ ಕುರ್ಚಿಯ ಹಾಗಿದೆ. ಇದು ಎಲೆಯ ಕ್ರಿಯಾವರ್ಧಕ, ಅಂದರೆ ಕ್ಯಾಟಲಿಸ್ಟ್. ಗುಡ್ಡ ಹತ್ತಿ ಇಳಿಯಬೇಕಾದ ಕೆಲಸಕ್ಕೆ ತಗ್ಗಿನ ದಾರಿ ಮಾಡಿಕೊಡುತ್ತದೆ, ತಾನು ಖರ್ಚಾಗುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಾರಿಗಟ್ಟಲೆ ಅಗೆದು ಸಾಗಿಸುವ ಮ್ಯಾಂಗನೀಸೇ ಇದು. ಅದೇ ಲೋಹ ಸಂಡೂರಿನ ಗುಡ್ಡದ ಪ್ರತಿ ಗಿಡದ ಎಲೆಯೊಳಗೂ ಕೂತು ನೀರು ಒಡೆಯುತ್ತಿದೆ ಎಂದು ನೆನೆದರೆ ನನಗೆ ಇವತ್ತಿಗೂ ಬೆರಗು.

ಆದರೆ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವಷ್ಟು ಹಸಿದ ಜಾಗ ಪಕ್ಕದಲ್ಲಿರುವುದನ್ನು ಬಿಟ್ಟೀತೇ? ತನ್ನನ್ನು ಹಿಡಿದುಕೊಂಡಿರುವ ಪ್ರೋಟೀನನ್ನೇ ಅದು ಹಾಳು ಮಾಡುತ್ತದೆ. ಡಿ1 ಮುರಿಯುವುದು ಹೀಗೆ. ಎಲೆ ಇದನ್ನು ತಡೆಯಲು ಪೂರ್ತಿ ಗೆದ್ದಿಲ್ಲ. ಅದು ಕಲಿತಿರುವುದು ರಿಪೇರಿ. ಹೊಸ ಡಿ1 ಬಂದು ಕೂತ ಮೇಲೆ ಲೋಹದ ಗಂಟನ್ನು ಮತ್ತೆ ಕಟ್ಟಬೇಕಲ್ಲ, ಅದನ್ನು ಕಟ್ಟುವುದೂ ಬೆಳಕೇ. ಸುತ್ತಲಿನ ದ್ರವದಲ್ಲಿ ಕರಗಿರುವ ಮ್ಯಾಂಗನೀಸ್ ಒಂದೊಂದಾಗಿ ಬರುತ್ತದೆ, ಬೆಳಕಿನ ಬಲದಿಂದ ಎಲೆಕ್ಟ್ರಾನ್ ಕಳೆದುಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ.

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈಗ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಗೆ ಹೋಗೋಣ.

ಅಲ್ಲಿನ ರಸಾಯನ ವಿಜ್ಞಾನಿ ಡೇನಿಯಲ್ ನೊಸೆರಾ ವರ್ಷಗಟ್ಟಲೆ ಹುಡುಕುತ್ತಿದ್ದದ್ದು ಎಲೆಯ ಹಾಗೆ ನೀರು ಒಡೆಯುವ ಅಗ್ಗದ ಕ್ರಿಯಾವರ್ಧಕವನ್ನು. ಬಿಸಿಲು ರಾತ್ರಿ ಇರುವುದಿಲ್ಲ. ಹಗಲಿನ ಬಿಸಿಲಲ್ಲಿ ನೀರು ಒಡೆದು ಜಲಜನಕ ಕೂಡಿಟ್ಟರೆ ರಾತ್ರಿ ಉರಿಸಬಹುದು. ಆದರೆ ಇದಕ್ಕೆ ಚೆನ್ನಾಗಿ ಒದಗುತ್ತಿದ್ದ ಇರಿಡಿಯಂ, ರುಥೇನಿಯಂ, ಪ್ಲಾಟಿನಂ ಸಿಕ್ಕಾಪಟ್ಟೆ ದುಬಾರಿ. ಅಗ್ಗದ ನಿಕಲ್ ಬಳಸಬೇಕೆಂದರೆ ಮುಟ್ಟಿದರೆ ಚರ್ಮ ಸುಡುವ ಕ್ಷಾರದ ದ್ರಾವಣ ಬೇಕು. ಎಲೆಗೆ ಮಾತ್ರ ಸಾಮಾನ್ಯ ನೀರು ಸಾಕು.

2008ರಲ್ಲಿ ನೊಸೆರಾ ಮತ್ತು ಅವರ ಪ್ರಯೋಗಾಲಯದ ಮ್ಯಾಥ್ಯೂ ಕನಾನ್ ಮಾಡಿದ ಪ್ರಯೋಗ ಕೇಳಲು ಬಹಳ ಸರಳ. ಫಾಸ್ಫೇಟ್ ಬೆರೆಸಿದ ನೀರು, ಅದರಲ್ಲಿ ಚೂರು ಕೋಬಾಲ್ಟ್ ಲವಣ. ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ದ್ರಾವಣ. ಅದರೊಳಗೆ ವಿದ್ಯುತ್ ಹರಿಯುವ ಲೇಪನವಿರುವ ಗಾಜಿನ ತುಂಡು ಇಳಿಸಿ ವೋಲ್ಟೇಜ್ ಕೊಟ್ಟರು. ಗಾಜಿನ ಮೇಲೆ ಕಪ್ಪಗಿನ ಪದರವೊಂದು ತಾನಾಗಿಯೇ ಬೆಳೆಯಿತು. ಆಮೇಲೆ ಅದರಿಂದ ಗುಳ್ಳೆಗಳು ಎದ್ದವು. ಆಮ್ಲಜನಕದ ಗುಳ್ಳೆಗಳು. ಕ್ರಿಯಾವರ್ಧಕವನ್ನು ಮೊದಲೇ ತಯಾರಿಸಿ ಹಚ್ಚುವ ಅಗತ್ಯವೇ ಬರಲಿಲ್ಲ. ಕರಗಿದ್ದ ಕೋಬಾಲ್ಟ್ ಎಲೆಕ್ಟ್ರಾನ್ ಕಳೆದುಕೊಂಡು, ಫಾಸ್ಫೇಟಿನ ಜೊತೆ ಸೇರಿ ಅಲ್ಲೇ ಅಂಟಿಕೊಂಡಿತ್ತು.

ಎಲೆಯಲ್ಲಿ ಮ್ಯಾಂಗನೀಸ್ ಮಾಡುವುದೂ ಇದನ್ನೇ ಅಲ್ವಾ?

ಕೋಬಾಲ್ಟ್ ಪದರವೂ ಕೆಲಸ ಮಾಡುತ್ತಾ ಉದುರುತ್ತದೆ. 2009ರಲ್ಲಿ ನೊಸೆರಾ ತಂಡ ವಿಕಿರಣ ಸೂಸುವ ಕೋಬಾಲ್ಟ್ ಮತ್ತು ರಂಜಕವನ್ನು (ಫಾಸ್ಫೇಟಿನಲ್ಲಿರುವ ಫಾಸ್ಫರಸ್) ಗುರುತಿಗೆ ಬಳಸಿ ಅದರ ಓಡಾಟವನ್ನು ಬೆನ್ನು ಹತ್ತಿತು. ವೋಲ್ಟೇಜ್ ನಿಲ್ಲಿಸಿದರೆ ಕೋಬಾಲ್ಟ್ ನಿಧಾನವಾಗಿ ನೀರಿಗೆ ಬರುತ್ತದೆ. ಮತ್ತೆ ಕೊಟ್ಟರೆ, ನೀರಿನಲ್ಲಿ ಫಾಸ್ಫೇಟ್ ಇದ್ದಾಗ, ಹೋದ ಕೋಬಾಲ್ಟ್ ವಾಪಸ್ ಬಂದು ಪದರ ಸೇರುತ್ತದೆ. ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕ್ರಿಯಾವರ್ಧಕ! ನೊಸೆರಾ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಕೆಡದ ವಸ್ತುವಿಗಾಗಿ ಹುಡುಕಾಡುವವರು ಬಹಳ ಜನ. ಕೆಡುವುದನ್ನು ಒಪ್ಪಿಕೊಂಡು, ಅದೇ ನೀರಿನಲ್ಲಿ ರಿಪೇರಿಯ ಸಾಮಾನನ್ನೂ ಇಡುವ ದಾರಿ ಎಲೆಯದು.

2011ರಲ್ಲಿ ಬಂದ ‘ಕೃತಕ ಎಲೆ’ ಹೆಚ್ಚು ಸುದ್ದಿ ಮಾಡಿತು. ಸೋಲಾರ್ ಪ್ಯಾನಲ್ಲಿನಂತೆ ಬಿಸಿಲಿನಿಂದ ವಿದ್ಯುತ್ ಹುಟ್ಟಿಸುವ ಸಿಲಿಕಾನ್ ಹಾಳೆಯ ಒಂದು ಬದಿಗೆ ಕೋಬಾಲ್ಟ್ ಪದರ, ಇನ್ನೊಂದು ಬದಿಗೆ ನಿಕಲ್, ಮಾಲಿಬ್ಡಿನಂ, ಸತುವಿನ ಮಿಶ್ರಲೋಹ. ವೈರ್ ಇಲ್ಲ, ಬ್ಯಾಟರಿ ಇಲ್ಲ. ನೀರಿನಲ್ಲಿ ಮುಳುಗಿಸಿ ಬಿಸಿಲಿಗೆ ಹಿಡಿದರೆ ಒಂದು ಮುಖದಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಜಲಜನಕ. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಶೇ 2.5ರಷ್ಟು ಜಲಜನಕದಲ್ಲಿ ಉಳಿಯುತ್ತಿತ್ತು. ವೈರ್ ಜೋಡಿಸಿದ ಮಾದರಿಯಲ್ಲಿ ಶೇ 4.7. ಕಡಿಮೆ ಅನ್ನಿಸಬಹುದು. ಹೊಲದ ಬೆಳೆಗಳು ಬಿಸಿಲಿನಲ್ಲಿ ಶೇ 1ರ ಆಸುಪಾಸನ್ನು ಮಾತ್ರ ಉಳಿಸಿಕೊಳ್ಳುತ್ತವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಇದನ್ನು ಬಡವರ ಮನೆಗೆ ಮುಟ್ಟಿಸುವ ಆಸೆಯಿಂದ ನೊಸೆರಾ ಸನ್ ಕ್ಯಾಟಲಿಟಿಕ್ಸ್ ಎಂಬ ಕಂಪನಿ ಕಟ್ಟಿದರು. ನಮ್ಮ ಟಾಟಾ ಸಮೂಹವೂ ಹಣ ಹಾಕಿತು. ಆದರೆ ಜಲಜನಕ ಅಡುಗೆ ಗ್ಯಾಸಿನ ಹಾಗಲ್ಲ. ಅದನ್ನು ಆಮ್ಲಜನಕದ ಜೊತೆ ಬೆರೆಯದ ಹಾಗೆ ಹಿಡಿಯಬೇಕು, ಒತ್ತಿ ತುಂಬಬೇಕು, ಸಾಗಿಸಬೇಕು, ಬಳಸಲು ಬೇರೆ ಸಾಧನ ಬೇಕು. ಆ ಏರ್ಪಾಡು ಎಲ್ಲೂ ಇರಲಿಲ್ಲ. ಕಂಪನಿ ಬೇರೆ ಬಗೆಯ ಬ್ಯಾಟರಿಯ ಕಡೆ ಹೊರಳಿತು, 2014ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಅದನ್ನು ಕೊಂಡುಕೊಂಡಿತು.

ಜಲಜನಕವನ್ನು ಹಿಡಿದಿಡುವುದು ಕಷ್ಟವಾದರೆ ಹುಟ್ಟಿದ ಜಾಗದಲ್ಲೇ ಯಾರಾದರೂ ಅದನ್ನು ತಿಂದುಬಿಟ್ಟರೆ? ಆ ಹೊತ್ತಿಗೆ ಹಾರ್ವರ್ಡಿಗೆ ಬಂದಿದ್ದ ನೊಸೆರಾ ಅಲ್ಲಿನ ಜೀವವಿಜ್ಞಾನಿ ಪಮೇಲಾ ಸಿಲ್ವರ್ ಜೊತೆ ಕೈಜೋಡಿಸಿದರು. ರಾಲ್‌ಸ್ಟೋನಿಯಾ ಯೂಟ್ರೋಫಾ ಎಂಬ ಬ್ಯಾಕ್ಟೀರಿಯಾ ಜಲಜನಕ ತಿಂದು, ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಬೆಳೆಯುತ್ತದೆ. ಅದನ್ನು ನೀರು ಒಡೆಯುವ ಪಾತ್ರೆಯೊಳಗೇ ಬಿಟ್ಟರು. ಮೊದಲ ಪ್ರಯತ್ನದಲ್ಲಿ ತೊಡಕಾಯಿತು. ನಿಕಲ್ ಮಿಶ್ರಲೋಹದ ಬದಿಯಲ್ಲಿ ಹುಟ್ಟುತ್ತಿದ್ದ, ಜೀವಕೋಶವನ್ನು ಸುಡುವಂಥ ಆಮ್ಲಜನಕದ ಪದಾರ್ಥಗಳು ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸುತ್ತಿದ್ದವು.

2016ರಲ್ಲಿ ಆ ಬದಿಗೂ ಕೋಬಾಲ್ಟ್ ಮತ್ತು ರಂಜಕದ ಮಿಶ್ರಲೋಹ ಹಾಕಿದರು. ವಿಷದ ಕಾಟ ತಪ್ಪಿತು. ಕೋಬಾಲ್ಟ್ ಕೂಡ ನೀರಿನಲ್ಲಿ ಜಾಸ್ತಿಯಾದರೆ ಜೀವಿಗೆ ಒಳ್ಳೆಯದಲ್ಲ. ಆದರೆ ಈ ಬದಿಯಿಂದ ಉದುರಿದ ಕೋಬಾಲ್ಟನ್ನು ಆಮ್ಲಜನಕ ಹುಟ್ಟುವ ಬದಿಯ ಪದರ ಎಳೆದುಕೊಳ್ಳುತ್ತಿತ್ತು. ತನ್ನ ರಿಪೇರಿಗೆ ಬೇಕಿದ್ದ ಲೋಹವನ್ನು ಹೆಕ್ಕಿಕೊಳ್ಳುತ್ತಲೇ ಅದು ಬ್ಯಾಕ್ಟೀರಿಯಾಕ್ಕೆ ನೀರನ್ನು ಚೊಕ್ಕಟವಾಗಿ ಇಟ್ಟಿತು. ಒಳ್ಳೆಯ ಸೋಲಾರ್ ಪ್ಯಾನಲ್ ಜೋಡಿಸಿ, ಶುದ್ಧ ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಬಿಸಿಲಿನ ಶಕ್ತಿಯ ಸುಮಾರು ಶೇ 10ರಷ್ಟು ಜೀವರಾಶಿಯಾಗಿ ಉಳಿಯುತ್ತದೆ ಎಂದು ಲೆಕ್ಕ ಬಂತು.

ಮರುವರ್ಷ ಇನ್ನೊಂದು ಬ್ಯಾಕ್ಟೀರಿಯಾ ತಂದರು, ಗಾಳಿಯ ಸಾರಜನಕವನ್ನೂ ಹಿಡಿಯಬಲ್ಲದ್ದು. ಇವತ್ತು ರೈತರು ಹೊಲಕ್ಕೆ ಚೆಲ್ಲುವ ಯೂರಿಯಾ ಹುಟ್ಟುವುದು ಹೆಚ್ಚಾಗಿ ನೈಸರ್ಗಿಕ ಅನಿಲ ಬಳಸುವ ದೊಡ್ಡ ಕಾರ್ಖಾನೆಗಳಲ್ಲಿ, ಭಾರಿ ಒತ್ತಡ ಮತ್ತು ಕಾವಿನಲ್ಲಿ. ಇಲ್ಲಿ ಬೇಕಾದದ್ದು ನೀರು, ಗಾಳಿ, ವಿದ್ಯುತ್ತು. ಬೆಳೆದ ಬ್ಯಾಕ್ಟೀರಿಯಾವನ್ನು ತೆಗೆದು ಮೂಲಂಗಿ ಗಿಡಗಳಿಗೆ ಗೊಬ್ಬರವಾಗಿ ಹಾಕಿದರು. ಹಾಕದ ಗಿಡಗಳ ಮೂಲಂಗಿಗಿಂತ ಇವು ಎಷ್ಟೋ ದಪ್ಪ ಬಂದವು.