ಎತ್ತಲಾಗದ ಪೆಟ್ಟಿಗೆ

ಪುಟ್ಟ ಪೆಟ್ಟಿಗೆ. ಮಗು ಕೂಡ ಒಂದೇ ಕೈಯಲ್ಲಿ ಎತ್ತುತ್ತೆ. ಆಮೇಲೆ ಜಾದೂಗಾರ ಒಬ್ಬ ಗಟ್ಟಿಮುಟ್ಟಾದ ಆಳನ್ನು ವೇದಿಕೆಗೆ ಕರೆಯುತ್ತಾನೆ. "ನಿನ್ನ ಶಕ್ತಿಯನ್ನೆಲ್ಲ ಕಿತ್ತುಕೊಂಡೆ" ಅನ್ನುತ್ತಾನೆ. ಆ ಆಳು ಎರಡೂ ಕೈ ಹಾಕಿ ಎಳೆಯುತ್ತಾನೆ, ಬೆವರುತ್ತಾನೆ. ಪೆಟ್ಟಿಗೆ ಮಿಸುಕುವುದಿಲ್ಲ.

ಈ ಜಾದೂಗಾರ ಫ್ರಾನ್ಸಿನ ರಾಬರ್ಟ್ ಹೂಡಿನ್. 1805ರಲ್ಲಿ ಬ್ಲುವಾ ಊರಿನಲ್ಲಿ ಹುಟ್ಟಿದವನು. ಅಪ್ಪ ಗಡಿಯಾರ ಮಾಡುವವನು, ಮಗ ಕಲಿತದ್ದೂ ಅದೇ ಕಸುಬು. ಅಮೆರಿಕದ ಜಾದೂಗಾರ ಹ್ಯಾರಿ ಹೂಡಿನಿಯ ಹೆಸರು ಕೇಳಿದ್ದೀರಲ್ವಾ? ಅವನು ಆ ಹೆಸರು ಇಟ್ಟುಕೊಂಡದ್ದು ಈತನ ಮೇಲಿನ ಅಭಿಮಾನದಿಂದ.

ಪೆಟ್ಟಿಗೆಯ ತಳಕ್ಕೆ ಕಬ್ಬಿಣದ ತಗಡು, ವೇದಿಕೆಯ ಹಲಗೆಯ ಕೆಳಗೆ ವಿದ್ಯುತ್ಕಾಂತ. ಗುಟ್ಟು ಇಷ್ಟೇ. ಕಬ್ಬಿಣದ ತುಂಡಿಗೆ ತಂತಿ ಸುತ್ತಿ ಕರೆಂಟು ಹರಿಸಿದರೆ ಅದು ಅಯಸ್ಕಾಂತ. ಕರೆಂಟು ನಿಲ್ಲಿಸಿದರೆ ಮತ್ತೆ ಬರೀ ಕಬ್ಬಿಣ. ಗುಜರಿ ಅಂಗಳದಲ್ಲಿ ಕ್ರೇನು ಹಳೇ ಕಬ್ಬಿಣವನ್ನು ಎತ್ತಿ ಬೇಕಾದ ಕಡೆ ಬೀಳಿಸುವುದು ಹೀಗೇ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರ ಹೊತ್ತಿಗೇ ವಿದ್ಯುತ್ಕಾಂತ ಮಾಡಿದ್ದ. ಆದರೆ ಅದು ಪ್ರಯೋಗಾಲಯದ ಮಾತು. 1845ರಲ್ಲಿ ಪ್ಯಾರಿಸ್ಸಿನಲ್ಲಿ ಹೂಡಿನ್ ತನ್ನದೇ ರಂಗಮಂದಿರ ತೆರೆದಾಗ, ಟಿಕೆಟ್ ಕೊಂಡು ಬಂದವರಲ್ಲಿ ಅದನ್ನು ಕಂಡಿದ್ದವರು ಕಡಿಮೆ. ವಿಜ್ಞಾನಿಗೆ ಗೊತ್ತಿದ್ದು ಜನರಿಗೆ ಗೊತ್ತಿಲ್ಲದ ಆ ಸಂದಿಯಲ್ಲೇ ಹೂಡಿನ್ ಜಾದೂ ಕಟ್ಟಿದ.

ಆ ಸಂದಿ ಬಹಳ ಕಾಲ ತೆರೆದಿರುವುದಿಲ್ಲ. ವಿದ್ಯುತ್ಕಾಂತದ ಸುದ್ದಿ ಜನರಿಗೂ ಮುಟ್ಟಿತು. ಆಗ ಅವನು ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ರಾಟೆಯ ಹಗ್ಗಕ್ಕೆ ನೇತುಹಾಕಿದ. ಇನ್ನೊಂದು ತುದಿ ಪ್ರೇಕ್ಷಕನ ಕೈಯಲ್ಲಿ. ಕೆಳಗೆ ಅಯಸ್ಕಾಂತ ಮುಟ್ಟುವ ಮಾತೇ ಇಲ್ಲ! ಆದರೂ ಪೆಟ್ಟಿಗೆ ಇದ್ದಕ್ಕಿದ್ದಂತೆ ಭಾರವಾಗಿ, ಹಗ್ಗ ಹಿಡಿದವನನ್ನೇ ಮೇಲಕ್ಕೆ ಎಳೆಯುತ್ತಿತ್ತು. ಹಗ್ಗ ರಾಟೆಯೊಳಗಿಂದ ಗುಟ್ಟಾಗಿ ಮೇಲಿನ ಮಹಡಿಗೆ ಹೋಗುತ್ತಿತ್ತು. ಅಲ್ಲೊಬ್ಬ ಸಹಾಯಕ ಕೂತು ಸುತ್ತುತ್ತಿದ್ದ. ಬುದ್ಧಿವಂತರನ್ನು ಅವರ ಬುದ್ಧಿಯಿಂದಲೇ ಕೆಡವಿದ್ದು ನನಗೆ ಎಲ್ಲಕ್ಕಿಂತ ಇಷ್ಟ.

ಇಷ್ಟವಾಗದ ಸಂಗತಿಯೂ ಒಂದಿದೆ. 1856ರಲ್ಲಿ ಫ್ರೆಂಚ್ ಸರ್ಕಾರ ಅವನನ್ನು ತಾನು ಆಳುತ್ತಿದ್ದ ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಧರ್ಮಗುರುಗಳ ಪವಾಡಕ್ಕಿಂತ ಫ್ರೆಂಚರ ಪವಾಡ ದೊಡ್ಡದು ಎಂದು ತೋರಿಸುವುದು ಉದ್ದೇಶ. ಪೆಟ್ಟಿಗೆಯ ಹಿಡಿ ಹಿಡಿದವನಿಗೆ ಕರೆಂಟು ಹೊಡೆಯುವಂತೆಯೂ ಮಾಡಿದ್ದ. ಜಾಣತನ ಸರಿ. ಆದರೆ ಅದು ಆಳುವವರ ಪರವಾಗಿ ಹೆದರಿಸುವ ಜಾಣತನ.

ನಿವೃತ್ತಿಯ ನಂತರ ಅವನು ಬ್ಲುವಾ ಹತ್ತಿರದ ತನ್ನ ಮನೆಗೇ ತಂತಿ ಎಳೆದ. ದೂರದ ಗೇಟು ಬಡಿದರೆ ಮನೆಯೊಳಗೆ ಗಂಟೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಗೇಟು ತೆರೆಯುತ್ತಿತ್ತು. ಕುದುರೆ ಲಾಯಕ್ಕೂ ತಂತಿ ಹೋಗಿತ್ತು. ಹಿಂದೊಬ್ಬ ಆಳು ಕುದುರೆಯ ಮೇವನ್ನು ಮಾರಿಕೊಳ್ಳುತ್ತಿದ್ದನಂತೆ. ಅದಕ್ಕೆ ಓದುವ ಕೋಣೆಯ ಗಡಿಯಾರವೇ ದಿನಕ್ಕೆ ಮೂರು ಸಲ ಮೇವು ಬೀಳಿಸುವಂತೆ ಮಾಡಿದ. ಅದೂ ಲಾಯದ ಬಾಗಿಲಿಗೆ ಬೀಗ ಬಿದ್ದಿದ್ದರೆ ಮಾತ್ರ.