ಇನ್ಶೂರೆನ್ಸ್ ಇಲ್ವಾ? ಮೊದಲು ತಾಲೂಕು ದವಾಖಾನೆಗೆ ಹೋಗಿ

ಕುರ್ಚಿ ಮೇಲೆ ಕೂತವರು ಮಗನ ಕಾಯಿಲೆ ಏನು ಅಂತ ಹೇಳಲೇ ಇಲ್ಲ. "ಸಾಬ್, ಇನ್ಶೂರೆನ್ಸ್ ಏನೂ ಇಲ್ರಿ. ಎಷ್ಟ್ ಖರ್ಚ್ ಬರ್ತದ ಮೊದ್ಲ ಹೇಳಿಬಿಡ್ರಿ" ಅಂದರು. ಚಿತ್ತಾಪುರ ಕಡೆಯ ಯಜಮಾನರು. ಹಿಂದಿನ ವರ್ಷ ತೊಗರಿ ಮಾರಿದ ದುಡ್ಡು ಕಟ್ಟಿಕೊಂಡು ಮಗನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದರು. ತಲೆಗೆ ಸ್ಕ್ಯಾನ್, ಹತ್ತು ದಿನ ಅಡ್ಮಿಟ್, ಒಂದು ಚೀಲ ಔಷಧಿ. ಹುಡುಗ ಸುಧಾರಿಸಿದ. ಮೂರು ತಿಂಗಳಿಗೆ ದುಡ್ಡು ಖಾಲಿ. "ಹುಡುಗ ಛಲೋ ಆಗಿದ್ದ, ಮತ್ಯಾಕ ಗುಳಿಗಿ ಅಂತ ಬಿಟ್ವಿ." ಯುಗಾದಿ ಹೊತ್ತಿಗೆ ಮತ್ತೆ ನಿದ್ದೆ ಕೆಟ್ಟಿತು, ಕಿವಿಯಲ್ಲಿ ಯಾರೋ ಬೈಯುವ ದನಿ ಶುರುವಾಯಿತು.

ಕಲಬುರಗಿಯಲ್ಲಿ ಕೂತು ಈ ಕಥೆ ಎಷ್ಟು ಸಲ ಕೇಳಿದ್ದೇನೋ. ಅದಕ್ಕೇ ಮನಸ್ಸಿನ ಕಾಯಿಲೆಗೆ ಖಾಸಗಿ ಕ್ಲಿನಿಕ್ ನಡೆಸುವ ನಾನೇ ಹೇಳ್ತೇನೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ನನ್ನ ಹತ್ತಿರ ಬರಬೇಡಿ. ನಮ್ಮ ಕಂಪೌಂಡರ್‌ಗೆ ಈ ಮಾತು ಹಿಡಿಸಲ್ಲ, ಇರಲಿ.

ಇನ್ಶೂರೆನ್ಸ್ ಇದ್ದಿದ್ದರೂ ಆ ಯಜಮಾನರಿಗೆ ಸಿಗ್ತಿದ್ದುದು ಬಹುಶಃ ಆ ಹತ್ತು ದಿನದ ಬಿಲ್ ಅಷ್ಟೇ. ಮೈಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ, ನಿಜ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡ್ತವೆ. ನನ್ನ ಹತ್ತಿರ ಬರೋರಲ್ಲಿ ಜಾಸ್ತಿ ಜನಕ್ಕೆ ಅಡ್ಮಿಟ್ ಆಗೋದೇ ಬೇಕಿಲ್ಲ. ಬೇಕಾಗಿರೋದು ತಿಂಗಳು ತಿಂಗಳು ಗುಳಿಗೆ, ಕೆಲವರಿಗೆ ವರ್ಷಗಟ್ಟಲೆ. ಇರೋ ದುಡ್ಡನ್ನು ಮೊದಲ ಹತ್ತು ದಿನಕ್ಕೇ ಸುರಿದರೆ ಹನ್ನೊಂದನೇ ತಿಂಗಳಿಗೆ ಏನು ಮಾಡ್ತೀರಿ?

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತೆ, ಮನೋವೈದ್ಯರು ಅಲ್ಲಿಗೇ ಬರ್ತಾರೆ. ಈ ವಾರ ಬರ್ತಾರಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ, ಕೂಲಿ ಬಿಟ್ಟು ಹೋಗಿ ಬಾಗಿಲು ನೋಡಿ ಬಂದವರೂ ಇದ್ದಾರೆ. ಅದಕ್ಕಿಂತ ದೊಡ್ಡದು ಬೇಕಂದ್ರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು, ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇವೆ. ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದೇ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನು ನೋಡಿ. ನಾವು ಮಾತ್ರ ಸೊಲ್ಲಾಪುರ, ಹೈದರಾಬಾದ್ ಅಂತ ಓಡ್ತೇವೆ.

ಬಿಪಿಎಲ್ ಕಾರ್ಡ್ ಇಲ್ಲ ಅಂತ ಹಿಂದೆ ಸರಿಯಬೇಡಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ, ಕಾರ್ಡ್ ಇರಲಿ ಬಿಡಲಿ, ಅದೇ ಕಾಯ್ದೆಯಲ್ಲಿ ಬರೆದಿದೆ. ಪುಣೆ, ಮುಂಬೈಗೆ ದುಡಿಯೋಕೆ ಹೋಗಿ ಕಾಗದಪತ್ರ ಎಲ್ಲಾ ಕಳ್ಕೊಂಡು ಬಂದೋರಿಗೆ ಇದು ಗೊತ್ತಿರಬೇಕು. ಅಡ್ಮಿಟ್ ಮಾಡಲೇಬೇಕು ಅಂದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಬಗ್ಗೆ ಅಲ್ಲೇ ವಿಚಾರಿಸಿ.

ಇನ್ನು ದಾರಿ ಖರ್ಚು. ಎಷ್ಟೋ ಮನೆಯಲ್ಲಿ ಗುಳಿಗೆಗಿಂತ ಬಸ್ಸು ಮತ್ತು ತಪ್ಪಿದ ಕೂಲಿಯೇ ಭಾರ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಅಲ್ವಾ? ಜೊತೆಗೆ ತಾಯಿಯೋ ಅಕ್ಕನೋ ಬರಲಿ. ಅದು ರಾಜ್ಯದೊಳಗೆ ಮಾತ್ರ, ಸೊಲ್ಲಾಪುರಕ್ಕೆ ನಡೆಯಲ್ಲ.

ವೈದ್ಯರ ಮುಂದೆ ದುಡ್ಡಿನ ಮಾತಿಗೆ ನಾಚಬೇಡಿ. "ತಿಂಗಳಿಗೆ ಇಷ್ಟೇ ಆಗ್ತದ ಸಾಬ್" ಅಂದುಬಿಡಿ. ಫ್ಲುವೊಕ್ಸೆಟಿನ್, ರಿಸ್ಪೆರಿಡೋನ್, ಲಿಥಿಯಂ ಇವೆಲ್ಲ ಹಳೇ ಔಷಧಿಗಳು, ಕಡಿಮೆ ಬೆಲೆ, ಚೆನ್ನಾಗಿ ಕೆಲಸ ಮಾಡ್ತವೆ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಇನ್ನೂ ಇಳಿಯುತ್ತೆ. ಅಗ್ಗ ಅಂತ ಹಗುರವಾಗಿ ತಗೋಬೇಡಿ ಮಾತ್ರ. ಲಿಥಿಯಂ ನುಂಗೋರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ನೀರು ಕಡಿಮೆ ಕುಡಿದು ಹೊಲದಲ್ಲಿ ದುಡಿದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತೆ. ಕೈ ನಡುಕ, ವಾಂತಿ, ಭೇದಿ ಕಂಡರೆ ಕೂಡಲೇ ಓಡಿ ಬನ್ನಿ.

ಗಾಣಗಾಪುರದ ದತ್ತನ ಗುಡಿಗೆ ಹೋಗಿ ಬರ್ತೀವಿ ಅನ್ನೋರಿಗೆ ನಾನು ಬೇಡ ಅನ್ನಲ್ಲ. ಗುಳಿಗೆ ಡಬ್ಬಿ ಜೊತೆಗಿರಲಿ.

ಫೋನಲ್ಲೇ ಮಾತಾಡಬೇಕು ಅನಿಸಿದರೆ 14416ಕ್ಕೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡ್ತಾರೆ. ಯಾರಾದರೂ ಸಾಯುವ ಮಾತಾಡ್ತಿದ್ದರೆ ಮಂಗಳವಾರದ ತನಕ ಕಾಯೋದು ಬೇಡ. ಒಬ್ಬರನ್ನೇ ಬಿಡದೆ ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಆ ಯಜಮಾನರು ಈಗ ನನ್ನ ಕ್ಲಿನಿಕ್‌ಗೆ ಬರಲ್ಲ. ಹುಡುಗನನ್ನು ತಾಯಿ ತಾಲೂಕಿಗೆ ಕರೆದುಕೊಂಡು ಹೋಗ್ತಾರೆ. ಅಲ್ಲಿ ಗುಳಿಗೆ ಸ್ಟಾಕ್ ಮುಗಿದಾಗ ಮಾತ್ರ ಫೋನ್ ಬರುತ್ತೆ, "ಜನೌಷಧ್ಯಾಗ ಏನಂತ ಕೇಳ್ಲಿ ಸಾಬ್?" ಹೆಸರನ್ನು ನಿಧಾನಕ್ಕೆ ಎರಡು ಸಲ ಹೇಳ್ತೇನೆ, ಅವರು ಅಂಗಡಿಯವನಿಗೇ ಫೋನ್ ಕೊಟ್ಟುಬಿಡ್ತಾರೆ.