ಕ್ರೂಸ್ ಹಡಗು ರಾತ್ರಿ ಬಂದರಿನಲ್ಲಿ ಯಾಕೆ ನಿಲ್ಲುವುದಿಲ್ಲ?

ಪ್ರವಾಸೋದ್ಯಮ ಓದುತ್ತಿರುವ ನಮ್ಮ ಗುಂಪಿನಲ್ಲಿ ಮೊನ್ನೆ ಒಂದು ಪ್ರಶ್ನೆ ಬಂತು. ಹಡಗು ಇವತ್ತು ಗೋವಾದ ಮುರ್ಮುಗಾವ್, ನಾಳೆ ನಮ್ಮ ಪಣಂಬೂರಿನ ನವಮಂಗಳೂರು ಬಂದರು, ನಾಡಿದ್ದು ಕೊಚ್ಚಿ. ಮೂರು ದಿನವೂ ಬಂದರೇ. ಹಾಗಿರುವಾಗ ಸಂಜೆ ಐದಕ್ಕೆಲ್ಲ ಹಗ್ಗ ಬಿಚ್ಚಿ ಹೊರಡುವ ಅವಸರ ಯಾಕೆ? ಪ್ರವಾಸಿಗಳು ರಾತ್ರಿ ಊಟಕ್ಕೆ ಊರೊಳಗೆ ಬಂದರೆ ಹೋಟೆಲಿನವರಿಗೆ ವ್ಯಾಪಾರ, ಆಟೋದವರಿಗೆ ಬಾಡಿಗೆ ಅಲ್ವಾ?

ಹೆಚ್ಚಿನವರು "ಕ್ಯಾಸಿನೋ ತೆರೆಯಲಿಕ್ಕೆ" ಅಂತ ಒಂದೇ ಮಾತಿನಲ್ಲಿ ಉತ್ತರ ಬರೆದರು. ಅದು ಸುಳ್ಳಲ್ಲ, ಆದರೆ ಉತ್ತರದ ಒಂದು ತುಂಡು ಮಾತ್ರ. ಹಡಗಿನ ರಾತ್ರಿಯನ್ನು ನಾವು ಖಾಲಿ ಸಮಯ ಅಂದುಕೊಂಡಿದ್ದೇವೆ, ತಪ್ಪಾಗುವುದು ಅಲ್ಲಿಯೇ. ನಾಲ್ಕು ಸಾವಿರ ಜನ ಇರುವ ಹಡಗು ಒಂದು ಸಣ್ಣ ಪೇಟೆ ಇದ್ದ ಹಾಗೆ. ಆ ಪೇಟೆಯ ಎಷ್ಟೋ ಕೆಲಸಗಳು ದಡ ಬಿಟ್ಟ ಮೇಲೆಯೇ ಆಗಬೇಕು. ಅದನ್ನು ನಾನು ಅರ್ಥ ಮಾಡಿಕೊಂಡ ರೀತಿಯಲ್ಲೇ ಬರೆಯುತ್ತೇನೆ.

ಮೊದಲು ದೂರ ನೋಡೋಣ. ಮುರ್ಮುಗಾವ್‌ನಿಂದ ಪಣಂಬೂರಿಗೆ ಸುಮಾರು 160 ನಾಟಿಕಲ್ ಮೈಲಿ. ಪಣಂಬೂರಿನಿಂದ ಕೊಚ್ಚಿಗೆ ಸುಮಾರು 200. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಹಾಗಾಗಿ ಕೊಚ್ಚಿ ದಾರಿ 370 ಕಿ.ಮೀ. ಆಯಿತು. ಗಂಟೆಗೆ ಒಂದು ನಾಟಿಕಲ್ ಮೈಲಿ ಹೋದರೆ ಅದು ಒಂದು ನಾಟ್ ವೇಗ. ಸಂಜೆ ಐದಕ್ಕೆ ಹೊರಟು ಬೆಳಿಗ್ಗೆ ಏಳಕ್ಕೆ ತಲುಪಬೇಕಾದರೆ 14 ಗಂಟೆ ಸಿಗುತ್ತದೆ. 200ನ್ನು 14ರಿಂದ ಭಾಗಿಸಿ: 14 ನಾಟ್‌ಗಿಂತ ಸ್ವಲ್ಪ ಜಾಸ್ತಿ. ಇದು ಕ್ರೂಸ್ ಹಡಗಿಗೆ ಆರಾಮದ ನಡಿಗೆ.

ಈಗ ಅದೇ ಹಡಗು ರಾತ್ರಿ ಹನ್ನೊಂದರವರೆಗೆ ಪಣಂಬೂರಿನಲ್ಲೇ ನಿಂತಿತು ಅಂದುಕೊಳ್ಳಿ. ಉಳಿಯುವುದು ಎಂಟೇ ಗಂಟೆ. 25 ನಾಟ್ ಓಡಬೇಕು. ಈಗಿನ ಬಹಳಷ್ಟು ಕ್ರೂಸ್ ಹಡಗುಗಳ ಗರಿಷ್ಠ ವೇಗವೇ 22–23 ನಾಟ್ ಆಸುಪಾಸು. ಅಂದರೆ ಬೆಳಿಗ್ಗೆ ಏಳಕ್ಕೆ ಕೊಚ್ಚಿ ಸಿಗುವುದೇ ಇಲ್ಲ. ನಾವು ಮಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಮಲಗಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇವಲ್ಲ, ಕ್ರೂಸ್ ಪ್ರವಾಸ ನಿಂತಿರುವುದೂ ಇದೇ ಲೆಕ್ಕದ ಮೇಲೆ. ಹಗಲು ಊರು ನೋಡುವುದಕ್ಕೆ, ದಾರಿ ಸವೆಯುವುದು ನಿದ್ದೆಯಲ್ಲಿ.

ಇಲ್ಲಿ ಇನ್ನೊಂದು ಲೆಕ್ಕ ಇದೆ, ಇದನ್ನು ಯಾರೂ ಬಿಡಬೇಡಿ. ನೀರಿನಲ್ಲಿ ಹಡಗನ್ನು ನೂಕಲು ಬೇಕಾದ ಶಕ್ತಿ ವೇಗದ ಘನದ ಜೊತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟು ಬೇಕು. 20 ನಾಟ್ ಓಡುವ ಹಡಗನ್ನು 14ಕ್ಕೆ ಇಳಿಸಿ ನೋಡಿ. 14/20 ಅಂದರೆ 0.7, ಅದರ ಘನ 0.34. ಬೇಕಾಗುವ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯಿತು. ನಿಧಾನ ಹೋದರೆ ಸಮಯ ಜಾಸ್ತಿ ಬೇಕು, ಅದನ್ನೂ ಸೇರಿಸಿದರೆ ಅದೇ ದೂರಕ್ಕೆ ಸುಡುವ ಎಣ್ಣೆ ಅರ್ಧದಷ್ಟು. ದೀಪ, ಏಸಿ, ಅಡುಗೆಮನೆಯ ಕರೆಂಟು ಬೇರೆ, ಅದು ಹೇಗೂ ಬೇಕೇ ಬೇಕು. ಸಂಜೆ ಎರಡು ತಾಸು ಬೇಗ ಹೊರಟರೆ ಕಂಪನಿಗೆ ಉಳಿಯುವುದು ಎಣ್ಣೆಯ ದುಡ್ಡು. ಹೊರಡುವ ಸಮಯ ಬೇಗ ಇಟ್ಟಿರುವುದರ ಹಿಂದೆ ಈ ಘನದ ಲೆಕ್ಕ ಎಷ್ಟು ದೊಡ್ಡದು ಅಂತ ಗೊತ್ತಾದಾಗ ನನಗೆ ಇಡೀ ವಿಷಯವೇ ಹೊಸದಾಗಿ ಕಂಡಿತು.

ಸರಿ, ಆದರೆ ದೂರ ತೀರಾ ಕಡಿಮೆ ಇದ್ದರೂ ಹಡಗು ಹೊರಡುತ್ತದೆ. ಬಹಾಮಾಸ್‌ನಲ್ಲಿ ನಸ್ಸೌ ಬಂದರಿಗೂ ಕೋಕೋಕೇ ಅನ್ನುವ ಸಣ್ಣ ದ್ವೀಪಕ್ಕೂ ನಡುವೆ ನೇರ ದೂರ ಬರೀ 55 ನಾಟಿಕಲ್ ಮೈಲಿ. ನಾಲ್ಕು ಗಂಟೆಯ ದಾರಿಯೂ ಅಲ್ಲ. ಬೆಳಗಿನ ಜಾವ ಮೂರಕ್ಕೆ ಹೊರಟರೂ ಸಾಕು. ಆದರೂ ಸಂಜೆಯೋ ರಾತ್ರಿಯೋ ಹೊರಟು, ಕತ್ತಲೆಯಲ್ಲಿ ಆಮೆಯ ಹಾಗೆ ಹೋಗಿ, ಕೆಲವು ಸಲ ಸುತ್ತು ಹಾಕಿ, ಬೆಳಿಗ್ಗೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಬರೀ ದೂರವೇ ಕಾರಣ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಪ್ರಶ್ನೆಯ ನಿಜವಾದ ಸ್ವಾರಸ್ಯ ಇಲ್ಲಿಂದ ಶುರು.

12 ನಾಟಿಕಲ್ ಮೈಲಿಯ ಗೆರೆಯನ್ನು ನೆನಪಿಡಿ. ಕಿಲೋಮೀಟರಿನಲ್ಲಿ ಸುಮಾರು 22. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದಲ್ಲಿ ಒಂದು ದೇಶ ತನ್ನ ಪ್ರಾದೇಶಿಕ ಸಮುದ್ರವನ್ನು ಇಷ್ಟು ದೂರದವರೆಗೆ ಇಟ್ಟುಕೊಳ್ಳಬಹುದು. ಭಾರತದ 1976ರ ಕಾಯ್ದೆಯಲ್ಲೂ ಇದೇ 12. ಪಣಂಬೂರಿನಲ್ಲಿ ಕಟ್ಟಿ ನಿಂತ ಹಡಗು ಯಾವ ದೇಶದ ಬಾವುಟ ಹಾರಿಸಿದರೂ ಇಲ್ಲಿನ ನಿಯಮಕ್ಕೆ ತಲೆಬಾಗಬೇಕು. ಕರ್ನಾಟಕದಲ್ಲಿ ಕ್ಯಾಸಿನೋಗೆ ಅವಕಾಶವಿಲ್ಲ, ಹಾಗಾಗಿ ಹಡಗಿನ ಕ್ಯಾಸಿನೋ ಬಾಗಿಲು ಮುಚ್ಚಿರುತ್ತದೆ. ಗೋವಾದಲ್ಲಿ ಮಾಂಡವಿ ನದಿಯ ಮೇಲೆ ಕ್ಯಾಸಿನೋ ನಡೆಯುತ್ತದಲ್ಲ ಅಂತ ಒಬ್ಬರು ಕೇಳಿದರು. ನಡೆಯುತ್ತದೆ, ಆದರೆ ಅದಕ್ಕೆ ಆ ರಾಜ್ಯದ ಪ್ರತ್ಯೇಕ ಲೈಸೆನ್ಸ್ ಬೇಕು. ಸುಂಕ ಕಟ್ಟದ ಮದ್ಯ, ಸೆಂಟು, ವಾಚು ಮಾರುವ ಅಂಗಡಿಗಳ ಕಥೆಯೂ ಹೀಗೇ. ಬಂದರಿನಲ್ಲಿ ಕಸ್ಟಮ್ಸ್ ನಿಯಮ, ಷಟರ್ ಕೆಳಗೆ. ಹಡಗು ಹೊರಗೆ ಹೋದ ಮೇಲೆ ಷಟರ್ ಮೇಲೆ. ಐದಕ್ಕೆ ಹೊರಟರೆ ಏಳರ ಹೊತ್ತಿಗೆ ಆ ಗೆರೆ ದಾಟಿರುತ್ತದೆ, ಜನ ಊಟ ಮುಗಿಸಿ ಎದ್ದು ಬರುವಾಗ ಎಲ್ಲ ತೆರೆದಿರುತ್ತದೆ. ಬಾರ್, ಷೋ, ಫೋಟೋ, ಸ್ಪಾ ಎಲ್ಲದರ ವ್ಯಾಪಾರವೂ ರಾತ್ರಿಯದ್ದೇ. ಟಿಕೆಟ್ ದುಡ್ಡಿನ ಮೇಲೆ ಕಂಪನಿಗೆ ಬರುವ ದೊಡ್ಡ ಆದಾಯ ಇದು. ಪ್ರವಾಸಿ ರಾತ್ರಿ ಊರೊಳಗೆ ಊಟ ಮಾಡಿದರೆ ಈ ದುಡ್ಡು ಊರಿಗೆ ಹೋಗುತ್ತದೆ.

ದುಡ್ಡಿನ ವಿಷಯಕ್ಕಿಂತ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ನೀರು ಮತ್ತು ಕೊಳಚೆ.

ಹಡಗಿನಲ್ಲಿ ಒಬ್ಬರಿಗೆ ದಿನಕ್ಕೆ 200 ಲೀಟರ್ ನೀರು ಅಂತ ಹಿಡಿಯಿರಿ. ಸ್ನಾನ, ಬಟ್ಟೆ ಒಗೆತ, ಅಡುಗೆ, ಪಾತ್ರೆ ಎಲ್ಲ ಸೇರಿ. ನಾಲ್ಕು ಸಾವಿರ ಜನಕ್ಕೆ 8 ಲಕ್ಷ ಲೀಟರ್. ಟ್ಯಾಂಕರ್ ಲೆಕ್ಕದಲ್ಲಿ, ಹತ್ತು ಸಾವಿರ ಲೀಟರಿನ ಎಂಬತ್ತು ಲೋಡು. ಪ್ರತಿ ಬಂದರಿನಲ್ಲೂ ಇಷ್ಟನ್ನು ಕೊಳ್ಳುವುದು ದುಬಾರಿ, ಕೆಲವು ಊರಿನಲ್ಲಿ ಅಷ್ಟು ನೀರೇ ಇಲ್ಲ. ಹಾಗಾಗಿ ಹಡಗು ಹೆಚ್ಚಿನ ನೀರನ್ನು ಸಮುದ್ರದಿಂದ ತಾನೇ ಮಾಡಿಕೊಳ್ಳುತ್ತದೆ. ಒಂದು ದಾರಿ ರಿವರ್ಸ್ ಆಸ್ಮೋಸಿಸ್, ನಮ್ಮ ಮನೆಯ ಆರ್‌ಓ ಫಿಲ್ಟರಿನ ದೊಡ್ಡಣ್ಣ. ಇನ್ನೊಂದು ಎವಾಪೊರೇಟರ್. ಎಂಜಿನ್ ತಂಪು ಮಾಡಿ ಬಿಸಿಯಾಗಿ ಬರುವ ನೀರಿನ ಶಾಖದಿಂದ ಸಮುದ್ರದ ನೀರನ್ನು ಕುದಿಸುತ್ತಾರೆ. ಒಳಗೆ ಗಾಳಿಯ ಒತ್ತಡ ಇಳಿಸಿರುವುದರಿಂದ ಅದು ನೂರು ಡಿಗ್ರಿಗೆ ಬಹಳ ಮೊದಲೇ ಕುದಿಯುತ್ತದೆ. ಆವಿ ತಣಿದು ಸಿಹಿನೀರಾಗುತ್ತದೆ. ಇದಕ್ಕೆ ಎರಡು ವಿಷಯ ಬೇಕು: ಜೋರಾಗಿ ದುಡಿಯುತ್ತಿರುವ ಎಂಜಿನ್, ಶುದ್ಧವಾದ ಕಡಲು. ಬಂದರಿನಲ್ಲಿ ಎರಡೂ ಇಲ್ಲ. ಅಲ್ಲಿನ ನೀರಿನಲ್ಲಿ ಎಣ್ಣೆ, ಕೆಸರು, ಊರಿನ ಕೊಳಕು. ಪಣಂಬೂರಿನ ದಕ್ಷಿಣಕ್ಕೆ ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುತ್ತವೆ, ಅವು ತರುವುದೂ ಸೇರಿಕೊಳ್ಳುತ್ತದೆ. ಹಗಲೆಲ್ಲ ಟ್ಯಾಂಕಿನಿಂದ ಖರ್ಚಾದ ನೀರು ರಾತ್ರಿ ಕಡಲಲ್ಲಿ ತುಂಬಬೇಕು.

ಕೊಳಚೆಗೆ ಮಾರ್ಪೋಲ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ನಾಲ್ಕನೇ ಅನುಬಂಧ ಶೌಚದ ನೀರಿನದ್ದು, ಐದನೆಯದು ಕಸದ್ದು. ಶುದ್ಧೀಕರಿಸದ ಶೌಚದ ನೀರನ್ನು ದಡದಿಂದ 12 ನಾಟಿಕಲ್ ಮೈಲಿ ಆಚೆ ಮಾತ್ರ ಬಿಡಬಹುದು, ಅದೂ ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರಬೇಕು. ಪುಡಿಮಾಡಿ ಸೋಂಕು ತೆಗೆದಿದ್ದರೆ 3 ನಾಟಿಕಲ್ ಮೈಲಿ ಆಚೆ. ಅಡುಗೆಮನೆಯ ಎಂಜಲನ್ನು ಸಣ್ಣಗೆ ಅರೆದಿದ್ದರೆ 3, ಇಲ್ಲದಿದ್ದರೆ 12, ಕೆಲವು ವಿಶೇಷ ಸಮುದ್ರಗಳಲ್ಲಿ ಇನ್ನೂ ಬಿಗಿ. ಪ್ಲಾಸ್ಟಿಕ್ ಮಾತ್ರ ಎಲ್ಲೂ, ಎಷ್ಟು ದೂರದಲ್ಲೂ ಹಾಕುವಂತಿಲ್ಲ. ಇಲ್ಲಿ "ಸಾಗುತ್ತಿರಬೇಕು" ಅನ್ನುವ ಮಾತಿಗೆ ಅಡಿಗೆರೆ ಹಾಕಿ. ಒಂದೇ ಕಡೆ ನಿಂತು ಬಿಟ್ಟರೆ ಕೊಳೆ ಅಲ್ಲೇ ಮಡುಗಟ್ಟುತ್ತದೆ, ಸಾಗುತ್ತಾ ಬಿಟ್ಟರೆ ಹರಡಿ ತೆಳುವಾಗುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಈಗಿನ ದೊಡ್ಡ ಹಡಗುಗಳಲ್ಲಿ ಒಳ್ಳೆಯ ಶುದ್ಧೀಕರಣ ಘಟಕ ಇರುತ್ತದೆ. ಆದರೂ ದಡ ದೂರವಾದ ಮೇಲೆಯೇ ಬಿಡುವ ಪದ್ಧತಿ ಇಟ್ಟುಕೊಂಡವರು ಹಲವರು. ಕಡಲಿಗೆ ಬಿಡುವುದೇ ಸರಿಯಾ ಅನ್ನುವುದು ಬೇರೆ ಪ್ರಶ್ನೆ. ಮೀನುಗಾರರ ಊರಿನಲ್ಲಿ ಬೆಳೆದ ನನಗೆ ಇನ್ನೂ ಬಿಗಿಯಾದ ನಿಯಮ ಬೇಕು ಅನ್ನಿಸುತ್ತದೆ.

ಅಟ್ಲಾಸ್ ತೆಗೆದು ಪಣಂಬೂರಿನಿಂದ ಕೊಚ್ಚಿಗೆ ಸ್ಕೇಲಿನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆ ಕಣ್ಣೂರಿನ ಉತ್ತರದಲ್ಲಿ ಏಳಿಮಲೆಯ ನೆಲಕ್ಕೆ ಹೆಚ್ಚುಕಡಿಮೆ ತಾಗಿಯೇ ಹೋಗುತ್ತದೆ. ಹಾಗಾಗಿ ಹಡಗು ಹೇಗೂ ಪಶ್ಚಿಮಕ್ಕೆ ಸರಿದು ಹೋಗಬೇಕು. ಇನ್ನು ಸ್ವಲ್ಪ ಸರಿದರೆ 12ರ ಆಚೆ. ಕೆಲವೇ ಮೈಲಿ ಸುತ್ತಿಗೆ ಇಡೀ ರಾತ್ರಿಯ ಕೆಲಸ ಮುಗಿಯುತ್ತದೆ.

ಇನ್ನೊಂದು ಕಾರಣ ಬರ್ತ್, ಅಂದರೆ ಹಡಗು ಕಟ್ಟುವ ಜಾಗ. ಪಣಂಬೂರಿನಲ್ಲಿ ಕ್ರೂಸ್ ಹಡಗು ನಿಲ್ಲುವುದು ಸರಕಿನ ಹಡಗುಗಳ ನಡುವೆ, ನಾಲ್ಕನೇ ಬರ್ತಿನಲ್ಲಿ. ಪಕ್ಕದಲ್ಲೇ ಕಲ್ಲಿದ್ದಲು, ಗೊಬ್ಬರ, ಕಂಟೇನರ್. ಬರ್ತ್ ಬಾಡಿಗೆ ಹಡಗಿನ ಗಾತ್ರ ಮತ್ತು ಗಂಟೆಯ ಲೆಕ್ಕದ್ದು. 2020ರ ಆಗಸ್ಟ್‌ನಲ್ಲಿ ಕೇಂದ್ರ ಹಡಗು ಸಚಿವಾಲಯ ಕ್ರೂಸ್ ಹಡಗಿನ ದರವನ್ನು ಒಂದು ಟನ್ ಗಾತ್ರಕ್ಕೆ 0.35 ಡಾಲರಿನಿಂದ 0.085 ಡಾಲರಿಗೆ ಇಳಿಸಿತು, ಜೊತೆಗೆ ಪ್ರತಿ ಪ್ರಯಾಣಿಕರಿಗೆ 5 ಡಾಲರ್. ಆದರೆ ಆಗಿನ ಆ ದರ ಮೊದಲ 12 ಗಂಟೆಗೆ ಮಾತ್ರ ಇತ್ತು. ಅದು ದಾಟಿದರೆ ಬೇರೆ ಲೆಕ್ಕ ಶುರು. 50 ಸಾವಿರ ಟನ್ನಿನ ಹಡಗಿಗೆ ಮೊದಲ 12 ಗಂಟೆಗೆ ಗಾತ್ರದ ಲೆಕ್ಕದಲ್ಲಿ 4,250 ಡಾಲರ್ ಬರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಕಟ್ಟಿ ಸಂಜೆ ಐದಕ್ಕೆ ಬಿಚ್ಚಿದರೆ ಹತ್ತೇ ಗಂಟೆ. ದರಪಟ್ಟಿಯೇ "ಸಂಜೆಗೆ ಹೊರಡು" ಅಂತ ಹೇಳುವ ಹಾಗಿತ್ತು, ನೋಡಿ.

ನಾನು ಒಂದು ಸಂಜೆ ಪಣಂಬೂರು ಬೀಚಿನಲ್ಲಿ ನಿಂತು ಇದನ್ನು ಪೂರ್ತಿ ನೋಡಿದ್ದೇನೆ. ಮೊದಲು ಟಗ್‌ಗಳು, ಅಂದರೆ ದೊಡ್ಡ ಹಡಗನ್ನು ಎಳೆಯುವ, ನೂಕುವ ಸಣ್ಣ ಹಡಗುಗಳು. ಆಮೇಲೆ ತಡೆಗೋಡೆಯ ಆಚೆ ಬಿಳಿ ಗೋಡೆಯೇ ನಡೆದು ಬಂದ ಹಾಗೆ ಹಡಗು. ಮೇಲಿನ ಡೆಕ್ಕಿನಲ್ಲಿ ಜನ ಸಾಲಾಗಿ ನಿಂತು ಕೈ ಬೀಸುತ್ತಿದ್ದರು, ಬೀಚಿನಲ್ಲಿ ಚುರುಮುರಿ ತಿನ್ನುತ್ತಿದ್ದ ಮಕ್ಕಳೂ ಬೀಸಿದರು. ಕಾಲುವೆಯಲ್ಲಿ ಅದು ಎಷ್ಟು ನಿಧಾನ ಅಂದರೆ ಹೋಗುತ್ತಿದೆಯೋ ನಿಂತಿದೆಯೋ ಅಂತ ಕಂಬಕ್ಕೆ ಗುರಿ ಇಟ್ಟು ನೋಡಬೇಕು. ಹೊರಗೆ ತಲುಪಿದ ಮೇಲೆ ಪೈಲಟ್, ಅಂದರೆ ಬಂದರಿನ ಒಳಗೆ ಹಡಗಿಗೆ ದಾರಿ ತೋರಿಸುವವರು, ಏಣಿಯಲ್ಲಿ ಇಳಿದು ಸಣ್ಣ ದೋಣಿ ಹತ್ತುತ್ತಾರೆ. ಆ ದೋಣಿ ವಾಪಸು ಬರುವಾಗ ಹಡಗಿನ ದೀಪಗಳು ಮಹಡಿ ಮಹಡಿಯಾಗಿ ಹತ್ತಿದ್ದವು. ಕತ್ತಲಾದ ಮೇಲೂ ಪೈಲಟ್, ಟಗ್ ಎಲ್ಲ ಸಿಗುತ್ತವೆ. ಆದರೂ ಬೆಳಕಿರುವಾಗ ಈ ಕೆಲಸ ಮುಗಿದರೆ ಎಲ್ಲರಿಗೂ ನೆಮ್ಮದಿ.

ಹಾಗಾದರೆ ರಾತ್ರಿ ನಿಲ್ಲುವ ಹಡಗೇ ಇಲ್ಲವಾ? ಇದೆ. ಅಮೆರಿಕದ ಬಾವುಟದ ಪ್ರೈಡ್ ಆಫ್ ಅಮೆರಿಕ ವಾರಪೂರ್ತಿ ಹವಾಯಿ ದ್ವೀಪಗಳ ನಡುವೆಯೇ ಓಡಾಡುತ್ತದೆ. ಮಾವಿ ದ್ವೀಪದ ಕಹುಲುಯಿಯಲ್ಲಿ ಒಂದು ರಾತ್ರಿ, ಕವಾಯಿ ದ್ವೀಪದ ನವಿಲಿವಿಲಿಯಲ್ಲಿ ಒಂದು ರಾತ್ರಿ ನಿಲ್ಲುತ್ತದೆ. ಹವಾಯಿಯಲ್ಲಿ ಜೂಜು ನಿಷೇಧ, ಆ ಹಡಗಿನಲ್ಲಿ ಕ್ಯಾಸಿನೋವೇ ಇಲ್ಲ. ತೆರೆಯಲು ಕಾದಿರುವ ಬಾಗಿಲೇ ಇಲ್ಲದಿದ್ದರೆ ಹೊರಡುವ ಒಂದು ಒತ್ತಡ ಕಡಿಮೆ. ಬರ್ಮುಡಾದ್ದು ಇನ್ನೊಂದು ಪಾಠ. ನ್ಯೂಯಾರ್ಕ್‌ನಿಂದ ಸುಮಾರು 700 ನಾಟಿಕಲ್ ಮೈಲಿ, ಸುತ್ತಮುತ್ತ ಬೇರೆ ಬಂದರಿಲ್ಲ, ಹಾಗಾಗಿ ಹಡಗುಗಳು ಅಲ್ಲೇ ಎರಡು ಮೂರು ದಿನ ಇರುತ್ತವೆ. ಅಲ್ಲಿನ ಸರ್ಕಾರ 2013ರಲ್ಲಿ ಕಾನೂನು ಮಾಡಿ, ಬಂದರಿನಲ್ಲಿ ನಿಂತಾಗಲೂ ರಾತ್ರಿ ಕ್ಯಾಸಿನೋ ತೆರೆಯಲು ಅವಕಾಶ ಕೊಟ್ಟಿತು. ಹಡಗು ನಿಲ್ಲಬೇಕು ಅಂತ ಊರಿಗೆ ಆಸೆ ಇದ್ದರೆ ಊರು ನಿಯಮ ಬದಲಿಸಬಹುದು ಅನ್ನುವುದಕ್ಕೆ ಇದು ಉದಾಹರಣೆ. ಥಾಯ್ಲೆಂಡಿನ ಲೇಮ್ ಚಬಾಂಗ್‌ನಲ್ಲೂ ಹಲವು ಹಡಗು ರಾತ್ರಿ ಉಳಿಯುತ್ತವೆ. ಅಲ್ಲಿಂದ ಬ್ಯಾಂಕಾಕ್ ನೂರು ಕಿ.ಮೀ.ಗೂ ದೂರ, ಒಂದು ಹಗಲಿನಲ್ಲಿ ಹೋಗಿ ನೋಡಿ ಬರುವುದು ಕಷ್ಟ.

ಈ ಕೊನೆಯ ಮಾತು ನಮ್ಮ ಕರಾವಳಿಗೆ ಚೆನ್ನಾಗಿ ತಾಗುತ್ತದೆ. ಪಣಂಬೂರಿನಲ್ಲಿ ಇಳಿದ ಪ್ರವಾಸಿಗಳನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆಗೆ ಕರೆದುಕೊಂಡು ಹೋಗುತ್ತಾರೆ. ಎಲ್ಲವೂ ಒಂದು ಒಂದೂವರೆ ತಾಸಿನ ಒಳಗೆ. ಬೇಲೂರು, ಹಳೇಬೀಡು ಪಟ್ಟಿಯಲ್ಲಿ ಯಾಕೆ ಇಲ್ಲ ಅಂದರೆ, ಅದು ನೂರೈವತ್ತು ಕಿ.ಮೀ. ಆಸುಪಾಸು, ನಡುವೆ ಘಾಟಿ. ಹೋಗಲು ನಾಲ್ಕು ತಾಸು, ಬರಲು ನಾಲ್ಕು ತಾಸು. ಹತ್ತು ಗಂಟೆ ನಿಲ್ಲುವ ಹಡಗಿನಲ್ಲಿ ಇಮಿಗ್ರೇಷನ್ ಮುಗಿಸಿ ಇಳಿಯುವ ಸಮಯ, ಹೊರಡುವ ಅರ್ಧ ತಾಸು ಮೊದಲು ಮರಳುವ ಸಮಯ ಕಳೆದರೆ ಶಿಲಾಬಾಲಿಕೆಯ ಮುಂದೆ ನಿಲ್ಲಲು ಹದಿನೈದು ನಿಮಿಷವೂ ಉಳಿಯುವುದಿಲ್ಲ. ಒಂದೇ ಒಂದು ರಾತ್ರಿ ಹಡಗು ಪಣಂಬೂರಿನಲ್ಲಿ ಉಳಿದರೆ ಬೆಳಿಗ್ಗೆ ಹೊರಟು ಸಂಜೆ ಬೇಲೂರಿನ ದೇವಸ್ಥಾನದಲ್ಲಿ ದೀಪ ಹಚ್ಚುವುದನ್ನೂ ನೋಡಿ ಬರಬಹುದು.